ಅಚ್ಚಿಲ್ಲದ ಬೊಂಬೆ

ಯಾರಾದರೂ ‘ಉದಾಹರಣೆಗೆ’ ಎಂದೊಡನೆ ಅವರ ತೋರುಬೆರಳು ತಾನಾಗಿ ಮೇಲೇಳುತ್ತದೆ, ಗಮನಿಸಿದ್ದೀರಾ? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನ್ನ ಬೆರಳು ಕೆಳಗಿಳಿದದ್ದೇ ಅಪರೂಪ. ದೇವರಿಂದ ದೋಸೆಯವರೆಗೆ ಸಕಲ ಚರಾಚರಗಳನ್ನೂ ಅನುಮಾನಿಸಿದ ನಾನು ಅನುಮಾನಿಸದೆ ಬಿಟ್ಟದ್ದು ನನ್ನ ಉದಾಹರಣೆಗಳನ್ನು ಮಾತ್ರ.

ಆ ಬೆರಳನ್ನೇ ನಂಬಿ ಮಾಗಡಿಯಿಂದ ಬಸ್ಸು ಹತ್ತಿ, ಚನ್ನಪಟ್ಟಣದ ಕಂಪ್ಯೂಟರ್ ತರಬೇತಿ ಕೇಂದ್ರವೊಂದಕ್ಕೆ ಪಾಠ ಹೇಳಲು ಹೋದೆ. ಅಂದು ಉಚಿತ ಮಾದರಿ ತರಗತಿ. ಬಂದ ಹನ್ನೆರಡು ಮಂದಿಯಲ್ಲಿ ಆರು ಜನ ಸೇರಿದರೆ ನನಗೆ ಕೆಲಸ, ಐದಾದರೆ ವಾಪಸ್ ಮಾಗಡಿ. ಮಾಲೀಕರು ಹಾಜರಿ ಪುಸ್ತಕ ಹಿಡಿದು ಕೊನೆಯ ಬೆಂಚಿನಲ್ಲಿ ಕುಳಿತಿದ್ದರು.

ಪ್ರೋಗ್ರಾಮಿನಲ್ಲಿ ಒಂದು ವಸ್ತು ಹೇಗಿರಬೇಕು, ಏನು ಮಾಡಬೇಕು ಎಂದು ಮೊದಲೇ ಬರೆದಿಡುವ ನಕ್ಷೆ ‘ಕ್ಲಾಸ್’. ಆ ನಕ್ಷೆಯಂತೆ ಹುಟ್ಟುವ ಒಂದೊಂದು ವಸ್ತುವೂ ‘ಆಬ್ಜೆಕ್ಟ್’. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಬೆರಳೆದ್ದಿತು. ಉದಾಹರಣೆಗೆ ನಿಮ್ಮೂರ ಬೊಂಬೆ: ಅಚ್ಚು ಕ್ಲಾಸ್, ಅಚ್ಚಿನಿಂದ ಬಂದ ಬೊಂಬೆ ಆಬ್ಜೆಕ್ಟ್.

“ಯಾವ್ ಅಚ್ಚು ಸಾರ್?” ಎಂದಳು ಬೊಂಬೆ ಮಾಡುವವರ ಮನೆಯ ರೇಷ್ಮಾ. “ನಮ್ ದಾದಾ, ಅಂದ್ರೆ ತಾತ, ಮರಾನ ಲೇತ್‌ಗೆ ಹಾಕಿ ಉಳಿ ಹಿಡೀತಾರೆ, ತಿರುಗ್ತಿರೋವಾಗ್ಲೇ ಅರಗು ಒತ್ತಿ ಬಣ್ಣ ಹಚ್ತಾರೆ. ಅಚ್ಚು ಎಲ್ಲೈತೆ?”

ವಿವೇಕಿಯಾದವನು ಉದಾಹರಣೆ ಬದಲಿಸುತ್ತಿದ್ದ. ನಾನು, ಅಚ್ಚು ಕಣ್ಣಿಗೆ ಕಾಣದ ಮಾತ್ರಕ್ಕೆ ಇಲ್ಲವೆನ್ನಲಾಗದು, ಇಷ್ಟೊಂದು ಬೊಂಬೆಗಳು ಒಂದೇ ತೆರನಾಗಿರುವುದೇ ಅದರ ಅಸ್ತಿತ್ವಕ್ಕೆ ಸಾಕ್ಷಿ ಎಂದು ವಾದಿಸಿದೆ. ದೇವರ ಪರವಾಗಿ ಎದುರಾಳಿಗಳು ಹೂಡುತ್ತಿದ್ದ, ನಾನು ನಕ್ಕು ತಳ್ಳಿಹಾಕುತ್ತಿದ್ದ ತರ್ಕವೇ ಇದು ಎಂದು ಹೊಳೆಯುವ ಹೊತ್ತಿಗೆ, ಕೂಟಗಲ್‌ನ ಮಂಜ ಎದ್ದು ನಿಂತಿದ್ದ.

“ಸುಮ್ನೆ ಯಾಕ್ ಗುದ್ದಾಟ? ಹೋಗಿ ನೋಡ್ಕಂಡ್ ಬಂದ್ಬುಡಾನ, ನಡೀರ್ಲಾ!”

ಮಾಲೀಕರ ಸಮೇತ ಇಡೀ ತರಗತಿ ಹಿಂದಿನ ಗಲ್ಲಿಗೆ ಹೊರಟಿತು. ಅಲ್ಲಿ ರೇಷ್ಮಾಳ ದಾದಾ ನಮ್ಮ ತಾತ್ತ್ವಿಕ ನಿಯೋಗದತ್ತ ತಲೆಯೆತ್ತದೆ ಒಂದೇ ಥರದ ಮೂರು ಬೊಂಬೆ ಕಡೆದಿಟ್ಟರು. ಗೋಡೆಯ ಮೊಳೆಯಲ್ಲಿ ಹಳೆಯ ಬೊಂಬೆಯೊಂದು ತೂಗುತ್ತಿತ್ತು. “ಅದೇ ಅಚ್ಚು!” ಎಂದು ನಾನು ಕೂಗಿದೆ.

“ಅದು ಸ್ಯಾಂಪಲ್ ಕಣಪ್ಪ. ಅದ್ನ ನೋಡ್ಕಂಡು ಇನ್ನೊಂದು ಮಾಡಾದು,” ಎಂದರು ದಾದಾ.

“ಅಂದ್ರೆ ಅದೂ ಆಬ್ಜೆಕ್ಟೇ ಅಲ್ವಾ ಸಾರ್?” ಎಂದಳು ರೇಷ್ಮಾ. “ಆಬ್ಜೆಕ್ಟ್ ನೋಡ್ಕಂಡು ಆಬ್ಜೆಕ್ಟು. ನಿಮ್ ಕ್ಲಾಸ್ ಬೇಕೇ ಆಗ್ಲಿಲ್ವಲ್ಲ!”

ನನ್ನಲ್ಲಿ ಇನ್ನೂ ನಾಲ್ಕು ವಾದಗಳಿದ್ದವು. ಮಾಲೀಕರಲ್ಲಿ ಒಂದೂ ಸಹಿಯಾಗದ ಹನ್ನೆರಡು ಅರ್ಜಿಗಳಿದ್ದವು.

“ಒಪ್ಕಬುಡಿ ಸಾರ್,” ಎಂದ ಮಂಜ ಮೆಲ್ಲಗೆ. “ಒಪ್ಕಂಡ್ರೆ ನಾನಂತೂ ಸೇರ್ಕತೀನಿ.”

ಗೆದ್ದು ಮಾಗಡಿಗೆ ಹೋಗುವುದೋ, ಸೋತು ಚನ್ನಪಟ್ಟಣದಲ್ಲಿ ಉಳಿಯುವುದೋ? “ಅಚ್ಚಿಲ್ಲ. ನಾನು ಹೇಳಿದ್ದು ತಪ್ಪು,” ಎಂದೆ. ಜೀವಮಾನದಲ್ಲಿ ಮೊದಲ ಬಾರಿ ಆ ಮಾತು ಉಚ್ಚರಿಸಿದ್ದರಿಂದ ಧ್ವನಿ ಕೊಂಚ ಕೀರಲಾಗಿತ್ತೆಂದು ಮಂಜ ಆಮೇಲೆ ಹೇಳಿದ.

ಕೇಂದ್ರಕ್ಕೆ ಮರಳಿದ ಮೇಲೆ ಮಂಜನದೂ ಸೇರಿ ಐದು ಅರ್ಜಿ ಬಂದವು. ಬಹಳ ಹೊತ್ತಿನ ಮೇಲೆ ಬಂದ ಆರನೆಯದು ರೇಷ್ಮಾಳದು. ‘ಸೇರಲು ಕಾರಣ’ ಎಂಬಲ್ಲಿ ದುಂಡಗೆ ಬರೆದಿದ್ದಳು: “ಕ್ಲಾಸ್ ಅಂದರೆ ಏನೆಂದು ನಾಳೆಯೊಳಗೆ ಸಾರ್‌ಗೆ ಗೊತ್ತಾಗುತ್ತದೆಯೇ ನೋಡಲು.”