ಮನೆಗೆಂದು ಬಿಟ್ಟ ಎರಡು ಗಿಡ

ನಮ್ಮ ದಿಂಡಿಗಲ್ ಮನೆಯ ಹಜಾರದಲ್ಲಿ, ಟೀವಿಯ ಪಕ್ಕ, ಒಂದು ಗಾಜಿನ ಹೂದಾನಿ ಇದೆ. ಅದರಲ್ಲಿ ನನ್ನ ಹೆಂಡತಿ ವಾರಕ್ಕೊಮ್ಮೆ ಕೆಂಪು, ಕಿತ್ತಳೆ ಬಣ್ಣದ ಜರ್ಬೆರಾ ಹೂಗಳನ್ನು ಇಡುತ್ತಾಳೆ. ಫೋಟೋ ತೆಗೆಸಿಕೊಳ್ಳಲು ನಿಂತ ನೆಂಟರ ಹಾಗೆ ಅವು ನೆಟ್ಟಗೆ ನಿಂತಿರುತ್ತವೆ. ಬೇಗ ಬಾಡುವುದಿಲ್ಲ, ಮೂಗು ಹತ್ತಿರ ಒಯ್ದರೆ ಪರಿಮಳವೂ ಇಲ್ಲ. ಪರಿಮಳದ ಬಾಕಿಯನ್ನೆಲ್ಲ ಹೂದಾನಿಯ ಹಳಸಿದ ನೀರು ಕೆಲವೇ ದಿನಗಳಲ್ಲಿ ತೀರಿಸಿಬಿಡುತ್ತದೆ, ಮತ್ತು ಆ ನೀರನ್ನು ಚೆಲ್ಲುವ ಸೌಭಾಗ್ಯ ಯಾವಾಗಲೂ ನನ್ನದು.

ನೀವೇ ಹೇಳಿ, ನಮ್ಮ ಮನೆಗಳಲ್ಲಿ ಹೂವಿಗೆ ಇದ್ದದ್ದು ಎರಡೇ ನೆಲೆ, ದೇವರ ಪಟ ಮತ್ತು ಹೆಂಗಸರ ಮುಡಿ. ಬಾಡಿದ ಮೇಲೆ ಅದು ಯಾವುದಾದರೂ ಗಿಡದ ಬುಡ ಸೇರುತ್ತಿತ್ತು. ಈಗ ಟೀವಿಯ ಪಕ್ಕ ಮೂರನೆಯ ನೆಲೆ ಹುಟ್ಟಿಕೊಂಡಿದೆ. ಈ ಹೂವು ಪ್ಲಾಸ್ಟಿಕ್ಕಿನ ಅಂಗಿ ತೊಟ್ಟು, ತಂಪುಕೋಣೆಯಲ್ಲಿ ಮಲಗಿ, ಲಾರಿಯಲ್ಲಿ ಘಟ್ಟ ಇಳಿದು ಬರುತ್ತದೆ. ಯಾವ ಊರಿನ ಬೋರ್‌ವೆಲ್ಲಿನ ನೀರನ್ನು ತನ್ನ ಕಾಂಡದಲ್ಲಿ ತುಂಬಿಕೊಂಡು ಬಂದಿದೆಯೋ ಹೇಳುವುದಿಲ್ಲ. ವೇದಿಕೆಯ ಅಲಂಕಾರಕ್ಕಾದರೆ ಅದನ್ನು ಎಂದೂ ಕೊಳೆಯದ ಹಸಿರು ಸ್ಪಂಜಿಗೆ ಚುಚ್ಚುತ್ತಾರೆ. ಸಂಜೆ ಮುಗಿದರೆ ಹೂವೂ ಸ್ಪಂಜೂ ಒಟ್ಟಿಗೆ ಕಸದ ಗಾಡಿ ಹತ್ತುತ್ತವೆ. ಇದೆಲ್ಲ ನನಗೆ ಗೊತ್ತಿಲ್ಲದ್ದಲ್ಲ, ಆದರೆ ಗೊತ್ತಿದ್ದೂ ನೀರು ಚೆಲ್ಲಿ ಸುಮ್ಮನಿರುತ್ತಿದ್ದೆ.

ಸುಮ್ಮನಿರಲು ಬಿಡದವಳು ಮಗಳು ದೀಪಾ. ನಾವು ತಲೆತಲಾಂತರದಿಂದ ಈ ತಮಿಳುನಾಡಿನಲ್ಲಿ ನೆಲೆಸಿದ ಕನ್ನಡದವರು. ನಮ್ಮ ಮನೆಮಾತು ಅವಳಿಗೆ ಕಿವಿಗೆ ಬಂದಷ್ಟು ನಾಲಿಗೆಗೆ ಬರುವುದಿಲ್ಲ. ಅವಳ ನಿಶ್ಚಿತಾರ್ಥಕ್ಕೆ ಅಲಂಕಾರದವನು ಬಂದು ಗುಲಾಬಿ ಗೋಡೆಯ ಚಿತ್ರ ತೋರಿಸಿದಾಗ ಅವಳು ಮುಖ ಗಂಟಿಕ್ಕಿದಳು.

"ಅಪ್ಪಾ, ಒಂದು ಸಾಯಂಕಾಲಕ್ಕೆ ಇಷ್ಟು ಪೂವಾ? ವೇಣ್ಡಾಂಪ್ಪಾ, ಬೇಡ. ಕುಂಡದ ಗಿಡ ಇಟ್ರೆ ಸಾಕು."

ಬಾಳೆಕಂಬ ಕಡಿಯಬಹುದೇ, ಮಾವಿನೆಲೆ ಕೀಳಬಹುದೇ ಎಂದು ನಾನು ಕೆಣಕಿದೆ. ಅವಳು ನಗಲಿಲ್ಲ. ನನ್ನ ನಗುವೂ ನಿಂತಿತು, ಏಕೆಂದರೆ ನಮ್ಮಲ್ಲಿ ಮದುವಣಗಿತ್ತಿಗೆ ಹೂವು ತರುವ ಹಕ್ಕು ಸೋದರತ್ತೆಯದು. ಅವಳ ಸೋದರತ್ತೆ, ಅಂದರೆ ನನ್ನ ಅಕ್ಕ, ನಿಲಕ್ಕೋಟ್ಟೈ ಹತ್ತಿರ ಮಲ್ಲಿಗೆ ಬೆಳೆದು ಬದುಕುವವಳು. ಹೂವು ಬೇಡವೆಂದು ಅಲಂಕಾರದವನಿಗೆ ಹೇಳುವುದು ಸುಲಭ, ಆದರೆ ಅಕ್ಕನಿಗೆ ಯಾವ ಬಾಯಲ್ಲಿ ಹೇಳುವುದು? ಹೇಳಿದರೆ ತವರಿನ ಬಾಗಿಲು ಮುಚ್ಚಿದಂತೆ ಅವಳಿಗೆ ಅನಿಸೀತು. ಹೇಳದಿದ್ದರೆ ಮಗಳು ತನ್ನ ನಿಶ್ಚಿತಾರ್ಥದ ದಿನವೇ ಮುಖ ಸಪ್ಪಗೆ ಮಾಡಿಕೊಂಡಾಳು. ಕೊನೆಗೆ ಅಕ್ಕನ ಊರಿನ ಬಸ್ಸು ಹತ್ತಿದೆ.

ಅಕ್ಕ ಮೊಗ್ಗು ಬಿಡಿಸಿ ಸಂತೆಗೆ ಕಳಿಸಿ, ತೋಟದ ಬದುವಿನಲ್ಲಿ ಕೂತಿದ್ದಳು. ಹೇಳಬೇಕಾದ್ದನ್ನು ನಾನು ಸುತ್ತಿ ಬಳಸಿ ಹೇಳುವಷ್ಟರಲ್ಲಿ ಅವಳೇ ತಡೆದಳು.

"ಅಷ್ಟೇನಾ ತಂಬಿ? ನಿನ್ ಮಗ್ಳು ಸರಿಯಾಗೇ ಹೇಳವ್ಳೆ. ಮೇಡೆ ಅಲಂಕಾರಕ್ಕೆ ಬ್ಯಾಡ. ತಲೆಗೆ ಮಾತ್ರ ಈ ಗಿಡದ್ದು ತರ್ತೀನಿ."

ಅವಳು ತೋರಿಸಿದ್ದು ಬಾವಿಯ ಪಕ್ಕದ ಎರಡು ಗಿಡಗಳನ್ನು. ಎಲೆ ತೂತಾಗಿತ್ತು, ಮೊಗ್ಗು ಸಣ್ಣ, ಅಲ್ಲಲ್ಲಿ ಹುಳ ಕಚ್ಚಿದ ಗುರುತು. ಇಷ್ಟು ದೊಡ್ಡ ತೋಟವಿರುವಾಗ ಇದೇ ಯಾಕೆ ಎಂದು ಕೇಳಿದೆ.

"ಇದ್ಕೆ ಮರುಂದು ಹೊಡೆಯಾದಿಲ್ಲ," ಎಂದಳು. ಮರುಂದು ಎಂದರೆ ಹುಳದ ಮದ್ದು. "ಇದು ನಮ್ ತಲೆಗೆ, ನಮ್ ಸಾಮಿಗೆ. ಇಷ್ಟ್ ವರ್ಷ ನಿನ್ ಮನೆಗೆ ತಂದಿದ್ದೂ ಇದೇಯೆ. ಮಿಕ್ಕಿದ್ದು ಸಂತೆಗೆ."

ನನಗೆ ಹಾಯೆನಿಸಿತು. ಸದ್ಯ, ನಮ್ಮ ಮನೆಗೆ ಬಂದದ್ದು ಶುದ್ಧವಾದದ್ದು! ಬಸ್ಸು ದಿಂಡಿಗಲ್ ತಲುಪುವ ಮೊದಲೇ ಆ ನೆಮ್ಮದಿಯೇ ಹುಳದಂತೆ ಮೈಮೇಲೆ ಹರಿಯತೊಡಗಿತು. ನಮ್ಮ ತಲೆಗೊಂದು ಗಿಡ, ಊರವರ ತಲೆಗೊಂದು ತೋಟ. ಅಕ್ಕನನ್ನು ದೂರಲಾರೆ, ಹುಳ ಕಚ್ಚಿದ ಮೊಗ್ಗನ್ನು ಸಂತೆಯಲ್ಲಿ ಯಾರೂ ಮುಟ್ಟುವುದಿಲ್ಲ. ಮಚ್ಚೆಯಿಲ್ಲದ ಹೂವೇ ಬೇಕೆಂದು ಹಟ ಹಿಡಿದವರು ಹೂದಾನಿ ಇಟ್ಟುಕೊಂಡ ನಮ್ಮಂಥವರೇ ತಾನೆ? ಹಾಗಾದರೆ ಆ ಮದ್ದನ್ನು ಹೊಡೆಯುವ ಕೈ ಯಾರದು?

ನಿಶ್ಚಿತಾರ್ಥದ ಸಂಜೆ ಹಜಾರದ ತುಂಬ ಕುಂಡಗಳು. ಅಕ್ಕ ತಂದದ್ದು ಎರಡು ತುಂಡು ತೆಳ್ಳನೆಯ ಮಾಲೆ. ಒಂದನ್ನು ತಾನು ಮುಡಿದು ಇನ್ನೊಂದನ್ನು ದೀಪಾಗೆ ಮುಡಿಸಿದಳು. ಗಂಡಿನ ಕಡೆಯ ಹೆಂಗಸರೆಲ್ಲ ಸಂತೆಯ ಮಲ್ಲಿಗೆಯನ್ನು ದಟ್ಟವಾಗಿ ಮುಡಿದು ಬಂದಿದ್ದರು; ಮನೆಯೆಲ್ಲ ಘಮಘಮ. ಅಳಿಯನ ಅತ್ತಿಗೆಯ ಮಡಿಲಲ್ಲಿದ್ದ ಕೂಸು ತಾಯಿಯ ಜಡೆಯಿಂದ ಒಂದು ಮೊಗ್ಗು ಕಿತ್ತು ಬಾಯಿಗಿಟ್ಟಿತು. ಎಲ್ಲರೂ ನಕ್ಕರು. ಅಕ್ಕ ಮಾತ್ರ ಹಜಾರ ದಾಟಿ ಓಡಿ, ಬೆರಳು ಹಾಕಿ ಮೊಗ್ಗನ್ನು ತೆಗೆದಳು. ಕೂಸು ಚೀರಿತು.

"ಏನಾಯ್ತಕ್ಕಾ? ಮಲ್ಲಿಗೆ ತಾನೆ?" ಎಂದಳು ಆ ತಾಯಿ ಬೆಚ್ಚಿ.

ಬೀಗರ ಮುಂದೆ ಮಾತು ಕೆಡದಿರಲೆಂದು ನಾನು ನಡುವೆ ಬಾಯಿ ಹಾಕಿದೆ. "ಏನಿಲ್ಲಮ್ಮಾ, ಯಾರೋ ಮರುಂದು ಹೊಡೆದಿರ್ತಾರೆ, ಅದ್ಕೆ."

ಅಕ್ಕ ನನ್ನ ಕಡೆ ತಿರುಗಿದಳು. "ಯಾರೋ ಅಲ್ಲ ತಂಬಿ. ನಾವೇ ಹೊಡೀತೀವಿ."

ಕೂತಿದ್ದ ಹೆಂಗಸರ ಕೈಗಳು ಒಂದೊಂದಾಗಿ ತಮ್ಮ ಮುಡಿಗೆ ಹೋದವು. ಶುಭಕಾರ್ಯದ ಮನೆ, ಯಾರೂ ಹೂವು ತೆಗೆಯಲಿಲ್ಲ.