ತಂಗಿ ಹುಬ್ಬಳ್ಳಿ ಮುಟ್ಟುವ ತನಕ

ನಮ್ಮ ಕಡೆ ಒಂದು ರೂಢಿ. ಮನೆಯಿಂದ ಹೊರಟವರು ಊರು ಮುಟ್ಟಿದ ಸುದ್ದಿ ಬರುವ ತನಕ ಕಸ ಗುಡಿಸುವುದಿಲ್ಲ. ಗುಡಿಸಿದರೆ ಹೋದವರನ್ನೇ ಹೊರಗೆ ಹಾಕಿದಂತೆ ಅನ್ನುತ್ತಿದ್ದರು. ಮೊದಲೆಲ್ಲ ತಂಗಿ ಮುಂಬೈಗೆ ಬಂದು ಹುಬ್ಬಳ್ಳಿಗೆ ರೈಲಿನಲ್ಲಿ ವಾಪಸಾದರೆ ಇಡೀ ಒಂದು ರಾತ್ರಿ ನನಗೆ ಸಿಗುತ್ತಿತ್ತು. ಅವಳು ತಲೆ ಬಾಚಿದ ಕೂದಲು, ರೊಟ್ಟಿ ತಿನ್ನುವಾಗ ಉದುರಿಸಿದ ಶೇಂಗಾ ಹಿಂಡಿಯ ಪುಡಿ, ಎಲ್ಲ ಇದ್ದಲ್ಲೇ. ಅವಳಿನ್ನೂ ಮನೆಯಲ್ಲೇ ಇದ್ದಾಳೆ ಅನ್ನಿಸುತ್ತಿತ್ತು.

ಈ ಸಲ ಅವಳ ಮಗ ವಿಮಾನದ ಟಿಕೆಟ್ ತೆಗೆಸಿದ. ಸಾಂತಾಕ್ರೂಜ್ ಏರ್‌ಪೋರ್ಟಿನಿಂದ ಹಾರಿದರೆ ತಾಸು, ಸವಾ ತಾಸಿಗೆ ಹುಬ್ಬಳ್ಳಿ. ನಾನು ಹೊಸದಾಗಿ ಟೈಪು ಮಾಡಲು ಕಲಿತವಳಲ್ಲವೇ, ವಿಮಾನಕ್ಕೆ ದೂರ ಎಷ್ಟೆಂದು ಫೋನನ್ನೇ ಕೇಳಿದೆ. ರೈಲಿನ ದೂರಕ್ಕಿಂತ ಕಡಿಮೆ ತೋರಿಸಿತು. ಊರೇನು ಎದ್ದು ಹತ್ತಿರ ಬಂತೇ? ಮುಲುಂಡಿನ ನಮ್ಮ ಬಿಲ್ಡಿಂಗಿನಿಂದ ಏರ್‌ಪೋರ್ಟಿಗೆ ಹೋಗಲಿಕ್ಕೇ ಅವಳ ಟ್ಯಾಕ್ಸಿಗೆ ಆ ಸವಾ ತಾಸಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಟ್ರಾಫಿಕ್ಕಿಗೆ ಮೊದಲ ಸಲ ಕೈ ಮುಗಿದೆ.

ನನ್ನ ಮಗ ಸೊಸೆ ಲೋಕಲ್ ರೈಲು ಹಿಡಿದು ಆಫೀಸಿಗೆ ಹೋಗಿದ್ದರು. ಮೊಮ್ಮಗಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಅವಳೂ ಕಾಲೇಜಿಗೆ ಹೋದಳು. ಇನ್ನು ಸಂಜೆಯ ತನಕ ನಾನು ಮತ್ತು ಫ್ಯಾನು.

ಮಧ್ಯಾಹ್ನ ಭಾಂಡುಪ್‌ನಿಂದ ಮನೆಗೆಲಸದವಳು ಬಂದಳು. ವಿಜಯಪುರದ ಕಡೆಯವಳು, ರೂಢಿ ಅವಳಿಗೂ ಗೊತ್ತು. ಕಸಬರಿಗೆ ಮುಟ್ಟುವ ಮೊದಲೇ ತಂಗಿಯ ಸುದ್ದಿ ಕೇಳಿದಳು.

"ಸಣ್ಣ ಆಯಿ ಮುಟ್ಟ್ಯಾರೇನ್ರಿ?"

"ಇನ್ನೂ ಇಲ್ಲವ್ವಾ."

ಅಷ್ಟರಲ್ಲಿ ತಂಗಿಯ ಫೋನು.

"ಅಕ್ಕಾ, ಇಳದ್ನಿ ನೋಡು. ಬುತ್ತಿ ಗಂಟು ಬಿಚ್ಚೂದ್ರಾಗ ಹುಬ್ಬಳ್ಳಿ ಬಂತು!"

"ಏರ್‌ಪೋರ್ಟಿನ್ಯಾಗ ಇಳದ್ರ ಮುಟ್ಟಿದಂಗೇನು? ಮನಿ ಮುಟ್ಟಿ ಹೇಳು. ಅವಸರ ಮಾಡಬ್ಯಾಡ. ಬಸ್ಸಿಗೆ ಹೋಗು, ದಾರ್ಯಾಗ ಚಾ ಕುಡಿ."

"ಮಗ ಕಾರ್ ತಂದಾನಲ್ಲ."

"ಅವನ ಕಾರಿಗಿಷ್ಟು ಬೆಂಕಿ ಹತ್ತಲಿ!"

ಮನೆಗೆಲಸದವಳು ಪಾತ್ರೆ ತಿಕ್ಕಿ, ಬಟ್ಟೆ ಒಣಹಾಕಿ ಮತ್ತೆ ಬಂದು ನಿಂತಳು. ಅಷ್ಟೊತ್ತಿಗೆ ತಂಗಿ ಮೆಸೇಜು ಕಳಿಸಿಯಾಗಿತ್ತು: ಮನಿಗೆ ಬಂದೆ. ನಾನು ಫೋನನ್ನು ಬೋರಲು ಹಾಕಿ ತೊಡೆಯ ಕೆಳಗೆ ಸೇರಿಸಿ ಕೂತಿದ್ದೆ.

"ಇನ್ನೂ ಮುಟ್ಟಿಲ್ಲೇನ್ರಿ? ಆ ಕಾರು ಎತ್ತಿನ ಬಂಡಿ ಹಿಂದ ಹೊಂಟೈತೇನು?"

"ರಸ್ತೆ ಚಲೋ ಇಲ್ಲಂತ."

ತೊಡೆಯ ಕೆಳಗೆ ಫೋನು ಮತ್ತೊಮ್ಮೆ ಕುಂಯ್ ಅಂದಿತು. ಅವಳು ನನ್ನ ಮುಖ ನೋಡಿದಳು. ಕಸಬರಿಗೆ ಕೈಗೆತ್ತಿಕೊಂಡಳು. ಹಾಲ್ ಗುಡಿಸಿದಳು, ಅಡಿಗೆಮನೆ ಗುಡಿಸಿದಳು. ತಂಗಿ ಮಲಗುತ್ತಿದ್ದ ಕೋಣೆಯ ಬಾಗಿಲನ್ನು ಮಾತ್ರ ಮೆಲ್ಲಗೆ ಎಳೆದು ಮುಚ್ಚಿದಳು.

"ಇದೊಂದು ಖೋಲಿ ಕಸಾ ನಾಳಿ ಹೊಡೀತೀನ್ರಿ ಆಯಿ. ಇವತ್ತ ನನ್ನ ಸೊಂಟ ಹಿಡದೈತಿ."

ಅವಳು ಹೋದ ಮೇಲೆ ಆ ಕೋಣೆಗೆ ಹೋಗಿ ಮಂಚದ ಮೇಲೆ ಕೂತೆ. ದಿಂಬಿನಲ್ಲಿ ತಂಗಿಯ ತಲೆಯ ತಗ್ಗು ಹಾಗೇ ಇತ್ತು. ಫೋನು ತೆರೆದರೆ ತಂಗಿಯ ಇನ್ನೊಂದು ಮೆಸೇಜು: ಕಸಾ ಹೊಡದ್ಯಾ?

ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ: ಇಲ್ಲ. ನೀ ಇನ್ನೂ ಹಾದ್ಯಾಗ ಇದ್ದಿ.