ಗುಡ್ಡದ ಹುಲ್ಲಿಗೆ ಐವತ್ತು ಕಿಲೋ ಕಬ್ಬಿಣ

ಬೆಳಗಿನ ಆರೂವರೆ. ನೊಯಲೀನ್ ಪ್ಯಾಸ್ಕೋ ಕೋಳಿಗಳಿಗೆ ಕಾಳು ಚೆಲ್ಲುತ್ತಿದ್ದಾರೆ. ಬಕೆಟ್ ಅರ್ಧ ಖಾಲಿಯಾಗುವಷ್ಟರಲ್ಲಿ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತದೆ. ಸ್ಮಶಾನ ಸಮಿತಿಯ ರಸ್ ಹಾಲೊರನ್. ಮಳೆ ಒಂದು ದಿನ ಮುಂಚೆಯೇ ಬರುತ್ತಿದೆಯಂತೆ. ಗುಡ್ಡದ ಹುಲ್ಲು ಕತ್ತರಿಸುವುದು ಇವತ್ತೇ ಮುಗಿಯಬೇಕಂತೆ. ನೊಯಲೀನ್ ಬಕೆಟ್ಟನ್ನು ಅಲ್ಲೇ ಇಟ್ಟು ಶೆಡ್ಡಿನ ಕಡೆ ನಡೆಯುತ್ತಾರೆ. ಕೋಳಿಗಳೂ ಹಿಂದೆಯೇ ಹೋಗುತ್ತವೆ.

ಬರುವ ಭಾನುವಾರ ಅಮ್ಮಂದಿರ ದಿನ. ನಮ್ಮೂರಿನವರು ಬಿಳಿ ಸೇವಂತಿಗೆ ಹಿಡಿದು ಸ್ಮಶಾನಕ್ಕೆ ಬರುವುದು ಆವತ್ತೇ. ಕೆಳಗಿನ ಸಮತಟ್ಟನ್ನು ಕೌನ್ಸಿಲ್ಲಿನ ಆಳುಗಳು ನೋಡಿಕೊಳ್ಳುತ್ತಾರೆ. ಮೇಲಿನ ಇಳಿಜಾರಿನ ಇನ್ನೂರ ಹನ್ನೆರಡು ಸಮಾಧಿಗಳು ಮಾತ್ರ ಹನ್ನೊಂದು ವರ್ಷಗಳಿಂದ ನೊಯಲೀನ್ ಪಾಲಿಗೆ. ಅವರಿಗೀಗ ಎಪ್ಪತ್ಮೂರು.

ಇಲ್ಲಿ ಚಳಿ ಶುರುವಾಗುವ ಮೇ ತಿಂಗಳ ಇಬ್ಬನಿಯಲ್ಲಿ, ಹುಲ್ಲು ಕತ್ತರಿಸುವ ಅವರ ಪುಟ್ಟ ಟ್ರ್ಯಾಕ್ಟರು ಗುಡ್ಡ ಹತ್ತುವುದಿಲ್ಲ. ಹಿಂದಿನ ಚಕ್ರಗಳು ಗಿರ್ರನೆ ತಿರುಗಿ ನಿಂತಲ್ಲೇ ಮಣ್ಣು ಅಗೆಯುತ್ತವೆ. ಅದಕ್ಕೇ ಚಕ್ರಕ್ಕೊಂದರಂತೆ ಇಪ್ಪತ್ತೈದು ಕಿಲೋದ ಎರಡು ಕಬ್ಬಿಣದ ಬಿಲ್ಲೆಗಳನ್ನು ಬಿಗಿಯಬೇಕು. ಮುಚ್ಚಿಹೋದ ಜಿಮ್ಮಿನಿಂದ ತಂದವು. ನೊಯಲೀನ್ ಅವನ್ನು ಎತ್ತುವುದಿಲ್ಲ. ಬಲಭುಜ ಕೈಕೊಟ್ಟು ಎರಡು ವರ್ಷವಾಯಿತು. ನೆಲದ ಮೇಲೆ ಉರುಳಿಸಿ ತಂದು, ಹಲಗೆ ಹತ್ತಿಸಿ, ತೊಡೆಯಿಂದ ಚಕ್ರಕ್ಕೆ ಒತ್ತಿ ಹಿಡಿದು ಬೋಲ್ಟು ತೂರಿಸುತ್ತಾರೆ. ಒಂದು ಚಕ್ರ ಮುಗಿಯುವ ಹೊತ್ತಿಗೆ ಮುಖ ಬಿಳಿಚಿಕೊಂಡಿರುತ್ತದೆ.

ಅವರ ಈ ಒಂದು ದಿನವನ್ನು ಬರೆದಿಡಲು ಜೊತೆಗೆ ಬಂದಿರುವ ನಾನು ಕೈ ಹಾಕಲು ಹೋದರೆ ಗದರುತ್ತಾರೆ. "ನೀನು ಮಗು ನೋಡ್ಕೋ ಮಾರಾಯ್ತಿ. ಬೆರಳು ಜಜ್ಜಿಸ್ಕೊಂಡ್ರೆ ಇದನ್ನೆಲ್ಲಾ ಬರೆಯೋರ್ಯಾರು?"

ಶಾಲೆಗೆ ರಜೆಯಾದ್ದರಿಂದ ನನ್ನ ಆರು ವರ್ಷದ ಮಗಳು ಇಳಾ ಜೊತೆಗಿದ್ದಾಳೆ. ಅವಳಿಗೆ ತಿಂಡಿ ತಿನ್ನಿಸುತ್ತಲೇ ಇದನ್ನು ಬರೆದುಕೊಳ್ಳುತ್ತಿದ್ದೇನೆ.

ಅಷ್ಟರಲ್ಲಿ ರಸ್ ಬಂದು ಬಾಗಿಲಿಗೆ ಒರಗುತ್ತಾರೆ. "ಏನ್ ನೊಯಲೀನ್, ಮದುಮಗಳನ್ನ ಸಿಂಗರಿಸ್ತಾ ಇದ್ದೀಯಾ?"

"ನಿನ್ನನ್ನೇ ಟ್ರ್ಯಾಕ್ಟರ್ ಹಿಂದೆ ಕಟ್ಕೊಂಡ್ರೆ ಸಾಕಿತ್ತು ಕಣೋ, ತೂಕ ಬೇಕಾದಷ್ಟಿದೆ. ಆದ್ರೆ ಬಾಯಿ ಮುಚ್ಚಲ್ವಲ್ಲ ನೀನು."

ರಸ್ ನಗುತ್ತಾರೆ, ಆಮೇಲೆ ನೆಲ ನೋಡುತ್ತಾರೆ. "ಹುಷಾರು. ಈ ಸಲ ಜಾರಿದ್ರೆ ಸಮಿತಿಯವ್ರು ಮೇಲಿನ ಹುಲ್ಲನ್ನ ಹಂಗೇ ಬೆಳೆಯೋಕೆ ಬಿಟ್ಬಿಡ್ತಾರೆ. ನನ್ ಕೈಲಿ ಏನೂ ಇಲ್ಲ."

ಕಳೆದ ವರ್ಷ ಎಡಚಕ್ರದ ಬಿಲ್ಲೆ ಸಡಿಲಗೊಂಡು, ಟ್ರ್ಯಾಕ್ಟರು ಅಡ್ಡಡ್ಡ ಜಾರಿ, ಒಂದು ಸಮಾಧಿಯ ಕಲ್ಲಿನ ಮೂಲೆ ಮುರಿದಿತ್ತು. ತಪ್ಪು ತನ್ನದೇ ಎಂದು ನೊಯಲೀನ್ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಆ ಮನೆಯವರ ಬಾಗಿಲಿಗೆ ಕೇಕು ಹಿಡಿದು ಹೋಗಿ ಕ್ಷಮೆ ಕೇಳಿಯೂ ಬಂದಿದ್ದರು.

ಈ ಸಲ ಹತ್ತು ನಿಮಿಷ ಓಡಿಸಿ ಎಂಜಿನ್ ನಿಲ್ಲಿಸುತ್ತಾರೆ. ನಿಧಾನಕ್ಕೆ ಇಳಿದು, ಒದ್ದೆ ಹುಲ್ಲಿನಲ್ಲಿ ಮೊಣಕಾಲೂರಿ, ಎಂಟೂ ಬೋಲ್ಟುಗಳನ್ನು ಮತ್ತೆ ಬಿಗಿಯುತ್ತಾರೆ. ಮೂರು ಬೋಲ್ಟು ಅರ್ಧ ಸುತ್ತು ಒಳಗೆ ಹೋಗುತ್ತವೆ. "ಕಬ್ಬಿಣ ಮೊದ್ಲು ಕೂತ್ಕೋಬೇಕು, ಆಮೇಲೆ ಇನ್ನೊಂದ್ಸಲ ಬಿಗೀಬೇಕು. ಹೋದ್ವರ್ಷ ಈ ಕಾಲು ಇನ್ನೊಂದ್ಸಲ ಮಡಚಲ್ಲ ಅಂತು. ನಾನೂ ಬಿಟ್ಬಿಟ್ಟೆ."

ಸಾಲುಗಳ ನಡುವೆ ನೇರ ಏರುತ್ತಾರೆ, ನೇರ ಇಳಿಯುತ್ತಾರೆ. ಇಳಿಯುವಾಗ ಅದೇ ತೂಕ ಹಿಂದಿನಿಂದ ದಬ್ಬುತ್ತದೆ. ಆಗ ಅವರ ದವಡೆ ಬಿಗಿಯುತ್ತದೆ. ಮಧ್ಯಾಹ್ನ ಎರಡರ ಹೊತ್ತಿಗೆ ಪಶ್ಚಿಮದಲ್ಲಿ ಮೋಡ ಕಪ್ಪಾಗಿದೆ, ಕೊನೆಯ ಸಾಲೂ ಮುಗಿದಿದೆ. ಎಲ್ಲಿಯೂ ಜಾರಲಿಲ್ಲ.

"ಈಗ ನಿಮಗೇನು ಬೇಕು?" ಎನ್ನುತ್ತೇನೆ.

"ಬಿಸಿನೀರಿನ ತೊಟ್ಟಿ. ನಾಳೆ ತನಕ ಯಾರೂ ಎಬ್ಬಿಸ್ಬಾರ್ದು."

ಗಂಡ ಕ್ಲೈವ್ ಸಮಾಧಿಯ ಪಕ್ಕ ಅವರು ಕಾಲು ಚಾಚಿ ಕೂರುತ್ತಾರೆ. ಅವರ ನಂತರ ಈ ಇಳಿಜಾರಿಗೆ ಯಾರು ಎಂಬ ಮಾತನ್ನು ಸಮಿತಿಯಲ್ಲಿ ಯಾರೂ ಎತ್ತುವುದಿಲ್ಲ. ಎತ್ತಿದವರೇ ಟ್ರ್ಯಾಕ್ಟರು ಹತ್ತಬೇಕಾದೀತು. ರಸ್ ಎತ್ತುವುದಿಲ್ಲ. ಇಡೀ ದಿನ ಜೊತೆಗಿದ್ದ ನಾನೂ ಎತ್ತಲಿಲ್ಲ.

ಇಳಾ ಹೊಸದಾಗಿ ಓದಲು ಕಲಿತವಳು. ಕ್ಲೈವ್ ಹೆಸರಿನ ಕೆಳಗೆ ಆಗಲೇ ಕೊರೆಸಿಟ್ಟಿರುವ ಇನ್ನೊಂದು ಹೆಸರನ್ನು ಬೆರಳಿಟ್ಟು ಕೂಡಿಸಿ ಓದುತ್ತಾಳೆ. ಹುಟ್ಟಿದ ವರ್ಷವಿದೆ, ತೀರಿಕೊಂಡ ವರ್ಷದ ಜಾಗದಲ್ಲಿ ಬರಿಯ ಕಲ್ಲು. ಕಲ್ಲನ್ನೊಮ್ಮೆ ನೊಯಲೀನರನ್ನೊಮ್ಮೆ ನೋಡುತ್ತಾಳೆ. ನಾನು ಅವಳ ಕೈ ಅದುಮುತ್ತೇನೆ. ಅವಳು ಕೈ ಬಿಡಿಸಿಕೊಳ್ಳುತ್ತಾಳೆ.

"ನೊಯಲೀನ್ ಅಜ್ಜಿ, ನೀವು ಇಲ್ಲಿ ಮಲ್ಕೊಂಡ್ಮೇಲೆ ನಿಮ್ಮ ಮೇಲಿನ ಹುಲ್ಲು ಯಾರು ಕತ್ತರಿಸ್ತಾರೆ?"